ಅವಸರವಿಲ್ಲದ ಯುದ್ಧ: ಟರ್ನ್ ಬೇಸ್ಡ್ ಗೇಮ್ ಹೊಸದಾಗಿ ಶುರು ಮಾಡುವವರಿಗೆ

ಸಕಲೇಶಪುರದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡುವುದು, ರ‍್ಯಾಮ್ ಹಾಕುವುದು, ಪ್ರಿಂಟರ್ ಸರ್ವಿಸ್, ಇಂಥ ಕೆಲಸ. ಮೊದಲೆಲ್ಲ ಗೇಮ್ ಕೇಳಿಕೊಂಡು ಬರುತ್ತಿದ್ದ ಹುಡುಗರಿಗೆ ಕಾರ್ ರೇಸು ಬೇಕು, ಇಲ್ಲಾ ಗುಂಡು ಹಾರಿಸುವುದು ಬೇಕು. ಈಚೆಗೆ ಕೇಳುವುದೇ ಬೇರೆ. ‘ಅಣ್ಣ, ಇದ್ರಲ್ಲಿ ಬಾಲ್ಡರ್ಸ್ ಗೇಟ್ 3 ಓಡುತ್ತಾ?’ ‘ಎಕ್ಸ್‌ಕಾಮ್ ಆಡ್ಬೇಕು ಅಂತಿದೀನಿ, ಯಾವುದರಿಂದ ಶುರು ಮಾಡ್ಲಿ?’ ಹಾಸನದ ಕಾಲೇಜಿಂದ ರಜೆಗೆ ಬಂದವರು ಕೇಳುತ್ತಾರೆ. ಕೆಲಸ ಬಿಟ್ಟು ಊರಿಗೆ ವಾಪಸ್ ಬಂದು ತೋಟ ನೋಡಿಕೊಳ್ಳುತ್ತಿರುವವರೂ ಕೇಳುತ್ತಾರೆ. ಕೌಂಟರ್ ಮುಂದೆ ನಿಂತು ಎಲ್ಲರಿಗೂ ಪೂರ್ತಿ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇವು ಟರ್ನ್ ಬೇಸ್ಡ್, ಅಂದರೆ ಒಬ್ಬರಾದ ಮೇಲೆ ಒಬ್ಬರು ಸರದಿಯಂತೆ ನಡೆ ಇಡುವ ಆಟಗಳು. ನನಗೆ ಇವುಗಳ ಮೇಲೆ ತುಂಬಾ ಪ್ರೀತಿ. ನಮ್ಮ ಕಡೆಗೆ ಇವು ಹೇಳಿ ಮಾಡಿಸಿದ ಹಾಗಿವೆ ಅಂತಲೂ ನನ್ನ ನಂಬಿಕೆ. ಜೂನ್ ಬಂತೆಂದರೆ ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ನೆಟ್ ಬಂದು ಬಂದು ಹೋಗುತ್ತದೆ. ಆನ್‌ಲೈನ್ ಶೂಟಿಂಗ್ ಗೇಮ್ ಆಡುವವನಿಗೆ ಅಲ್ಲಿಗೆ ಕಥೆ ಮುಗಿಯಿತು. ಟರ್ನ್ ಬೇಸ್ಡ್ ಗೇಮಿಗೆ ನೆಟ್ ಬೇಕಾಗಿಲ್ಲ, ಚುರುಕು ಕೈಯೂ ಬೇಕಾಗಿಲ್ಲ. ನೀವು ಎದ್ದು ಹೋಗಿ ಕಾಫಿ ಮಾಡಿಕೊಂಡು ಬರುವವರೆಗೂ ಎದುರಾಳಿ ಕತ್ತಿ ಎತ್ತಿಕೊಂಡು ಹಾಗೇ ನಿಂತಿರುತ್ತಾನೆ.

ಏನಿದು ಆಟ?

ಹುಲಿ-ಕುರಿ ಆಟ ಗೊತ್ತಲ್ವಾ? ದೇವಸ್ಥಾನದ ಜಗಲಿ ಕಲ್ಲಿನ ಮೇಲೆ ಗೆರೆ ಕೊರೆದು ಆಡುತ್ತಿದ್ದರಲ್ಲ, ಅದು. ಒಬ್ಬನ ಕೈಯಲ್ಲಿ ಕೆಲವೇ ಹುಲಿ, ಇನ್ನೊಬ್ಬನ ಕೈಯಲ್ಲಿ ಕುರಿ ಮಂದೆ. ನಿನ್ನ ಸರದಿ, ಆಮೇಲೆ ನನ್ನ ಸರದಿ. ಒಂಟಿ ಕುರಿ ಸಿಕ್ಕಿದರೆ ಹುಲಿ ಹಾರಿ ತಿನ್ನುತ್ತದೆ. ಕುರಿಗಳು ಒಂದಕ್ಕೊಂದು ಅಂಟಿ ನಿಂತರೆ ಹುಲಿಗೇ ದಾರಿ ಇಲ್ಲ. ಟ್ಯಾಕ್ಟಿಕಲ್, ಅಂದರೆ ಯುದ್ಧತಂತ್ರದ ಗೇಮಿನ ಜೀವಾಳ ಇದೇ. ಇದಕ್ಕೆ ಮೂರು ವಿಷಯ ಸೇರಿಸಿಕೊಳ್ಳಿ. ಒಂದು, ಪ್ರತಿ ಕಾಯಿಗೂ ಹೆಸರು, ಶಕ್ತಿ, ಆಯುಧ ಇರುತ್ತದೆ. ಎರಡು, ಗೆಲ್ಲುತ್ತಾ ಹೋದ ಹಾಗೆ ಆ ಕಾಯಿ ಬಲಿಯುತ್ತದೆ. ಮೂರು, ಏಟು ತಗುಲುತ್ತೋ ಇಲ್ಲವೋ ಅನ್ನುವುದರಲ್ಲಿ ದಾಳ ಉರುಳಿಸಿದ ಹಾಗೆ ಸ್ವಲ್ಪ ಅದೃಷ್ಟ ಇರುತ್ತದೆ. ಬಲಿಯುವುದು ಇದೆಯಲ್ಲ, ಅದಕ್ಕೇ ಇದನ್ನು ಟ್ಯಾಕ್ಟಿಕಲ್ ರೋಲ್ ಪ್ಲೇಯಿಂಗ್ ಗೇಮ್ ಅನ್ನುತ್ತಾರೆ.

ಇದೇನೂ ಹೊಸದಲ್ಲ. ಜಪಾನಿನ ಫೈರ್ ಎಂಬ್ಲೆಮ್ ಮೊದಲು ಬಂದದ್ದು 1990ರಲ್ಲಿ. ಇಂಗ್ಲೆಂಡಿನ ಜೂಲಿಯನ್ ಗೊಲ್ಲಾಪ್ ಅವರ ಮೊದಲ ಎಕ್ಸ್‌ಕಾಮ್, ಅನ್ಯಗ್ರಹದವರ ಜೊತೆ ಯುದ್ಧ ಮಾಡುವ ಆಟ, 1994ರದ್ದು. ಪ್ಲೇಸ್ಟೇಷನ್ನಿನ ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ 1997ರದ್ದು. ಆಮೇಲೆ ಗ್ರಾಫಿಕ್ಸ್ ಬೆಳೆಯಿತು, ದುಡ್ಡು ಹಾಕುವ ಕಂಪನಿಗಳಿಗೆ ವೇಗ ಬೇಕಾಯಿತು. ಸರದಿ ಆಟ ಹಳೇ ಕಾಲದ್ದು, ಓಡಲ್ಲ ಅನ್ನುವ ಮಾತು ಹಬ್ಬಿತು. ಗಾಳಿ ತಿರುಗಿದ್ದು 2012ರಲ್ಲಿ. ಫಿರಾಕ್ಸಿಸ್ ಎಂಬ ಅಮೆರಿಕದ ಕಂಪನಿ ಎಕ್ಸ್‌ಕಾಮ್ ಅನ್ನು ಹೊಸದಾಗಿ ಕಟ್ಟಿ ಬಿಟ್ಟಿತು, ಜನ ಮುಗಿಬಿದ್ದರು. ಅದೇ ವರ್ಷ ಜಪಾನಿನಲ್ಲಿ ಫೈರ್ ಎಂಬ್ಲೆಮ್ ಅವೇಕನಿಂಗ್ ಬಂತು. ಇದೂ ಓಡದಿದ್ದರೆ ಸರಣಿಯನ್ನೇ ನಿಲ್ಲಿಸುವುದು ಅಂತ ಮಾತಾಗಿತ್ತಂತೆ. ಅದು ಚೆನ್ನಾಗಿ ಓಡಿ ಇಡೀ ಸರಣಿಗೆ ಜೀವ ಕೊಟ್ಟಿತು. ಬೆಲ್ಜಿಯಂನ ಲೇರಿಯನ್ ಕಂಪನಿ 2013ರಲ್ಲಿ ಆಟಗಾರರಿಂದಲೇ ಮುಂಗಡ ದುಡ್ಡು ಎತ್ತಿ ಡಿವಿನಿಟಿ: ಒರಿಜಿನಲ್ ಸಿನ್ ಮಾಡಿತು. ಅದೇ ಕಂಪನಿಯ ಬಾಲ್ಡರ್ಸ್ ಗೇಟ್ 3 ಬಂದದ್ದು 2023ರ ಆಗಸ್ಟಿನಲ್ಲಿ. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಅನ್ನುವ ಪ್ರಶಸ್ತಿಯೂ ಅದಕ್ಕೇ. ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ ಕೂಡ 2025ರ ಸೆಪ್ಟೆಂಬರ್‌ನಲ್ಲಿ ಹೊಸ ರೂಪದಲ್ಲಿ ವಾಪಸ್ ಬಂತು.

ಜನ ಯಾಕೆ ತಿರುಗಿ ಬಂದರು? ನನ್ನ ಅಂಗಡಿಗೆ ಬರುವವರನ್ನು ನೋಡಿದರೆ ಉತ್ತರ ಕಾಣುತ್ತದೆ. ಚಿಕ್ಕಂದಿನಲ್ಲಿ ಗೇಮ್ ಆಡಿದವರು ಈಗ ಮನೆ, ಮಕ್ಕಳು, ಕೆಲಸ ಅಂತ ಇದ್ದಾರೆ. ಒಂದು ಗಂಟೆ ಒಟ್ಟಿಗೆ ಸಿಗುವುದಿಲ್ಲ. ಮಧ್ಯದಲ್ಲಿ ನಿಲ್ಲಿಸಿ ಎದ್ದು ಹೋಗುವ ಹಾಗಿರುವ ಆಟ ಅವರಿಗೆ ಬೇಕು.

ಮೊದಲು ಮಷೀನ್ ನೋಡಿಕೊಳ್ಳಿ

ಗೇಮ್ ಕೊಳ್ಳುವ ಮುಂಚೆ ಮೂರು ವಿಷಯ ನೋಡಿ: ರ‍್ಯಾಮ್ ಎಷ್ಟು, ಬೇರೆ ಗ್ರಾಫಿಕ್ಸ್ ಕಾರ್ಡ್ ಇದೆಯೋ ಇಲ್ಲವೋ, ಡಿಸ್ಕಿನಲ್ಲಿ ಜಾಗ ಎಷ್ಟು ಖಾಲಿ ಇದೆ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಅನ್ನುವ ಕಡೆ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಡಿಸ್ಕು ಎಲ್ಲ ಕಾಣುತ್ತದೆ. ಡಿಸ್ಕಿನಲ್ಲಿ ಖಾಲಿ ಜಾಗ ಎಷ್ಟು ಅಂತ ದಿಸ್ ಪಿಸಿಯಲ್ಲಿ ನೋಡಿ.

ಆಫೀಸ್ ಕೆಲಸಕ್ಕೆ ತಂದ ಹಳೇ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ನಮ್ಮಲ್ಲಿ ರಿಪೇರಿಗೆ ಬರುವುದರಲ್ಲಿ ಬಹಳಷ್ಟು ಇಂಥವೇ. ಬೇಜಾರು ಬೇಡ. ಬ್ಯಾಟಲ್ ಫಾರ್ ವೆಸ್ನಾತ್, ಇಂಟು ದ ಬ್ರೀಚ್ ಎರಡೂ ಇದರಲ್ಲಿ ಆರಾಮಾಗಿ ಓಡುತ್ತವೆ. 2012ರ ಎಕ್ಸ್‌ಕಾಮ್ ಸಹ ಸೆಟ್ಟಿಂಗ್ ಇಳಿಸಿದರೆ ಎಷ್ಟೋ ಮಷೀನ್‌ಗಳಲ್ಲಿ ನಡೆಯುತ್ತದೆ. ಬಾಲ್ಡರ್ಸ್ ಗೇಟ್ 3ಕ್ಕೆ ಮಾತ್ರ ಕನಿಷ್ಠ 8 ಜಿಬಿ ರ‍್ಯಾಮ್, 4 ಜಿಬಿ ಮೆಮೊರಿ ಇರುವ ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ ಅನ್ನುವ ವೇಗದ ಡಿಸ್ಕಿನಲ್ಲಿ 150 ಜಿಬಿ ಜಾಗ ಬೇಕು. ಇದಿಲ್ಲದೆ ಹಾಕಿಸಿದರೆ ದುಡ್ಡೂ ದಂಡ, ಸಮಯವೂ ದಂಡ.

150 ಜಿಬಿ ಅಂದರೆ ಎಷ್ಟು ಅಂತ ಲೆಕ್ಕ ಹಾಕಿ ನೋಡಿ. ದಿನಕ್ಕೆ 2 ಜಿಬಿ ಸಿಗುವ ಮೊಬೈಲ್ ಪ್ಯಾಕಿನಲ್ಲಿ ಎಳೆಯಲು ಕೂತರೆ 75 ದಿನ ಬೇಕು. ಅದರ ಬದಲು ಹಾಸನದಲ್ಲೋ ಬೆಂಗಳೂರಿನಲ್ಲೋ ಫೈಬರ್ ಇರುವ ನೆಂಟರ ಮನೆಗೆ ಹೋದಾಗ ಡೌನ್‌ಲೋಡ್ ಮಾಡಿಕೊಳ್ಳಿ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡಿದ್ದರೆ ಆ ಗೇಮಿನ ಫೋಲ್ಡರನ್ನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ ತನ್ನಿ. ನಿಮ್ಮ ಲ್ಯಾಪ್‌ಟಾಪಿನ ಸ್ಟೀಮ್ ಫೋಲ್ಡರಿನಲ್ಲಿ ಅದೇ ಜಾಗಕ್ಕೆ ಹಾಕಿ ಇನ್‌ಸ್ಟಾಲ್ ಒತ್ತಿದರೆ ಇರುವ ಫೈಲನ್ನೇ ಗುರುತು ಹಿಡಿಯುತ್ತದೆ, ಕಡಿಮೆ ಇರುವುದನ್ನಷ್ಟೇ ಇಳಿಸಿಕೊಳ್ಳುತ್ತದೆ. ಜಿಒಜಿ ಎಂಬ ಅಂಗಡಿಯಲ್ಲಿ ಕೊಂಡರೆ ಇನ್ನೂ ಸಲೀಸು. ಇನ್‌ಸ್ಟಾಲ್ ಮಾಡುವ ಫೈಲನ್ನೇ ಇಳಿಸಿ ಇಟ್ಟುಕೊಳ್ಳಬಹುದು, ಆಮೇಲೆ ನೆಟ್ ಬೇಕಾಗಿಲ್ಲ. ತೋಟದ ಮನೆಯಲ್ಲಿ ಇರುವವರಿಗೆ ನಾನು ಇದನ್ನೇ ಹೇಳುವುದು. ಸ್ಟೀಮ್ ಬಳಸುವವರು ನೆಟ್ ಇರುವಾಗಲೇ ಗೇಮನ್ನು ಒಂದು ಸಲ ತೆರೆದು, ಆಮೇಲೆ ಆಫ್‌ಲೈನ್ ಮೋಡಿಗೆ ಹಾಕಿಕೊಳ್ಳಿ.

ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ನಿಮ್ಮ ಮಷೀನಿನಲ್ಲಿ ಓಡುತ್ತದೋ ಇಲ್ಲವೋ ಅನ್ನುವ ಅನುಮಾನ ಇದ್ದರೆ ಇದು ತಿಳಿದಿರಲಿ.

ಇನ್ನು ಕ್ರ್ಯಾಕ್ ಮಾಡಿದ ಗೇಮ್. ನಾನು ಹಾಕಿಕೊಡುವುದಿಲ್ಲ. ಬಿಟ್ಟಿ ಗೇಮ್ ಇಳಿಸಿ, ಅದರ ಜೊತೆ ವೈರಸ್ ಬಂದು, ಮನೆಯವರ ಫೋಟೋ, ತೋಟದ ಲೆಕ್ಕ ಎಲ್ಲ ಹೋಗಿ ಅಳುತ್ತಾ ಬಂದವರನ್ನು ನೋಡಿದ್ದೇನೆ. ದುಡ್ಡಿಲ್ಲ ಅಂದರೆ ಪೂರ್ತಿ ಉಚಿತವಾಗಿರುವ ಒಳ್ಳೇ ಆಟವೇ ಇದೆ. ಶುರು ಮಾಡುವುದೂ ಅದರಿಂದಲೇ.

ವೆಸ್ನಾತ್‌ನಿಂದ ಶುರು ಮಾಡಿ

ಬ್ಯಾಟಲ್ ಫಾರ್ ವೆಸ್ನಾತ್ 2003ರಿಂದ ಇದೆ. ಡೇವಿಡ್ ವೈಟ್ ಅನ್ನುವವರು ಶುರು ಮಾಡಿದರು, ಈಗಲೂ ಸ್ವಯಂಸೇವಕರು ಬೆಳೆಸುತ್ತಿದ್ದಾರೆ. ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದಿದೆ. ಒಂದು ಪೈಸೆ ಕೊಡಬೇಕಾಗಿಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದಕ್ಕೂ ಸಿಗುತ್ತದೆ. ಚಿತ್ರ ಹಳೇ ಕಾಲದ್ದು ಅನ್ನಿಸಬಹುದು. ಆದರೆ ಆಟದ ಒಳಗಿನ ಲೆಕ್ಕ ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಕಾಣುವ ಗೇಮ್ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಇಲ್ಲಿ ಕಲಿತದ್ದು ಮುಂದೆ ಎಲ್ಲ ಆಟದಲ್ಲೂ ಉಪಯೋಗಕ್ಕೆ ಬರುತ್ತದೆ.

ಮೊದಲು ಟ್ಯುಟೋರಿಯಲ್ ಮುಗಿಸಿ. ಬಿಟ್ಟು ಮುಂದೆ ಹೋಗಬೇಡಿ. ಆಮೇಲೆ ‘ಎ ಟೇಲ್ ಆಫ್ ಟೂ ಬ್ರದರ್ಸ್’ ಅನ್ನುವ ಚಿಕ್ಕ ಕಥೆ ತೆಗೆದುಕೊಳ್ಳಿ. ಹೊಸಬರಿಗೆ ಅಂತಲೇ ಮಾಡಿದ್ದು. ಕಷ್ಟದ ಮಟ್ಟ ಎಲ್ಲಕ್ಕಿಂತ ಸುಲಭದ್ದೇ ಇರಲಿ.

ಈಗ ಒಂದು ಸರದಿಯನ್ನು ಹತ್ತಿರದಿಂದ ನೋಡೋಣ. ನಮ್ಮ ಅಂಗಡಿಗೆ ಹೆತ್ತೂರು ಕಡೆಯ ಒಬ್ಬರು ರಿಟೈರ್ಡ್ ಮೇಷ್ಟ್ರು ಬರುತ್ತಾರೆ. ಚದುರಂಗ ಚೆನ್ನಾಗಿ ಆಡುತ್ತಾರೆ. ಪ್ರಿಂಟರ್ ರೆಡಿಯಾಗುವವರೆಗೆ ಕೂರಲಿ ಅಂತ ವೆಸ್ನಾತ್ ಹಾಕಿಕೊಟ್ಟಿದ್ದೆ, ಈಗ ಅದಕ್ಕೇ ಬರುತ್ತಾರೆ. ಒಂದು ಸಂಜೆ ಹಾನುಬಾಳಿನ ಹುಡುಗನೊಬ್ಬ ಪಕ್ಕದ ಮಷೀನಿನಲ್ಲಿ ಆಡುತ್ತಿದ್ದ. ನಕ್ಷೆಯಲ್ಲಿ ಒಂದು ಹೊಳೆ. ಈಚೆ ದಡದಲ್ಲಿ ಒಂದು ಹಳ್ಳಿ, ಅಲ್ಲಿ ಹುಡುಗನ ಈಟಿ ಹಿಡಿದ ಸೈನಿಕ. ಆಚೆ ದಡದಲ್ಲಿ ಒಬ್ಬ ಆರ್ಕ್, ಅಂದರೆ ರಾಕ್ಷಸ ಜಾತಿಯ ಶತ್ರು. ಹುಡುಗ ಸೈನಿಕನನ್ನು ನೀರಿಗೆ ಇಳಿಸಿ ಹೊಡೆಯಲು ಹೊರಟಿದ್ದ. ಮೇಷ್ಟ್ರು ಪೆನ್ನಿನ ತುದಿಯನ್ನು ಪರದೆಯ ಮೇಲೆ ಇಟ್ಟು ಹೇಳಿದರು: ‘ಅವನೇ ಇಳೀಲಿ ಬಿಡಪ್ಪ ನೀರಿಗೆ. ನೀನ್ಯಾಕೆ ಇಳೀತೀಯ?’

‘ಸುಮ್ನೆ ನಿಂತ್ರೆ ಟರ್ನ್ ವೇಸ್ಟ್ ಅಲ್ವಾ ಸಾರ್?’

‘ನಿಲ್ಲೋದೂ ಒಂದು ನಡೆ ಕಣೋ.’

ಮೇಷ್ಟ್ರು ಹೇಳಿದ್ದು ಎಷ್ಟು ಸರಿ ಅಂತ ಅಂಕಿಯಲ್ಲೇ ನೋಡಿ. ಈಟಿಯವನ ಶಕ್ತಿ 36, ಏಟು ತಿಂದು ಅದು ಸೊನ್ನೆಯಾದರೆ ಸತ್ತ. ಒಂದು ಸಲಕ್ಕೆ ಮೂರು ಏಟು, ಏಟಿಗೆ 7. ಎದುರಿಗಿರುವ ಆರ್ಕ್ ಸಾಮಾನ್ಯ ಸೈನಿಕ, ಗ್ರಂಟ್ ಅಂತಾರೆ, ಅವನ ಶಕ್ತಿ 38. ಎರಡು ಏಟು, ಏಟಿಗೆ 9. ಒಬ್ಬೊಬ್ಬ ಸೈನಿಕನ ಗುಣದ ಮೇಲೆ ಒಂದೆರಡು ಅಂಕ ಹೆಚ್ಚುಕಡಿಮೆ ಇರುತ್ತದೆ, ಅದನ್ನು ಬಿಡಿ. ಏಟು ತಗುಲುವುದು ನಿಂತ ನೆಲದ ಮೇಲೆ ಹೋಗುತ್ತದೆ. ಬಯಲಲ್ಲಿ ನಿಂತ ಮನುಷ್ಯನಿಗೆ ನೂರಕ್ಕೆ 60 ಏಟು ತಗುಲುತ್ತದೆ. ಹಳ್ಳಿಯ ಮನೆಯೊಳಗೆ ನಿಂತರೆ 40 ಮಾತ್ರ. ನೀರಿನಲ್ಲಿ ನಿಂತರೆ 80. ನೀರಿನಲ್ಲಿ ಆರ್ಕ್‌ಗೂ ಅಷ್ಟೇ, 80.

ಇದರ ಜೊತೆ ಹಗಲು-ರಾತ್ರಿ ಬೇರೆ ಇದೆ. ಆರು ಸರದಿಗೆ ಒಂದು ದಿನ ಸುತ್ತುತ್ತದೆ. ಹಗಲಲ್ಲಿ ಮನುಷ್ಯ ಸೈನಿಕರಿಗೆ 25% ಬಲ ಜಾಸ್ತಿ, ಆರ್ಕ್‌ಗಳಿಗೆ ಅಷ್ಟೇ ಕಡಿಮೆ. ರಾತ್ರಿ ಇದು ತಿರುಗುಮುರುಗು. ಮುಂಜಾವು, ಮುಸ್ಸಂಜೆ ಇಬ್ಬರಿಗೂ ಸಮ.

ರಾತ್ರಿ ಹೊತ್ತು, ಇಬ್ಬರೂ ಬಯಲಲ್ಲಿ ನಿಂತು ಹೊಡೆದಾಡಿದರು ಅನ್ನಿ. ಆರ್ಕ್ ಏಟು 11ಕ್ಕೆ ಏರುತ್ತದೆ, ಈಟಿಯವನದ್ದು 5ಕ್ಕೆ ಇಳಿಯುತ್ತದೆ. ಸರಾಸರಿ ನಾವು 13 ಕಳೆದುಕೊಂಡು 9 ಕೊಡುತ್ತೇವೆ. ನಷ್ಟದ ವ್ಯಾಪಾರ. ಅದೇ ರಾತ್ರಿ, ನಮ್ಮವನು ಹಳ್ಳಿಯಲ್ಲಿ, ಆರ್ಕ್ ನೀರಿನಲ್ಲಿ. ಈಗ ನಾವು ಕಳೆದುಕೊಳ್ಳುವುದು 9ಕ್ಕಿಂತ ಕಡಿಮೆ, ಕೊಡುವುದು 12. ಬೆಳಗಾಗುವವರೆಗೂ ಅವನು ಅಲ್ಲೇ ಸಿಕ್ಕಿಕೊಂಡಿದ್ದರೆ ನಮ್ಮ ಏಟು 9 ಆಗುತ್ತದೆ, ಅವನದ್ದು 7. ಆಗ ನಾವು ಕೊಡುವುದು 21ರ ಮೇಲೆ, ತಿನ್ನುವುದು 6 ಸಹ ಇಲ್ಲ. ಸಾಲದ್ದಕ್ಕೆ ಹಳ್ಳಿಯಲ್ಲಿ ನಿಂತವನಿಗೆ ಪ್ರತಿ ಸರದಿಗೆ 8 ಶಕ್ತಿ ವಾಪಸ್ ಬರುತ್ತದೆ. ಅದೇ ಇಬ್ಬರು, ಅದೇ ಆಯುಧ. ನಿಂತ ಜಾಗ, ಹೊತ್ತು ಎರಡೇ ಬದಲಾಗಿದ್ದು.

ಈ ಲೆಕ್ಕವನ್ನು ನೀವು ಬಾಯಲ್ಲಿ ಮಾಡಬೇಕಾಗಿಲ್ಲ. ಹೊಡೆಯುವ ಮುಂಚೆ ಬರುವ ಪೆಟ್ಟಿಗೆಯಲ್ಲಿ ಡ್ಯಾಮೇಜ್ ಕ್ಯಾಲ್ಕುಲೇಷನ್ಸ್ ಅಂತ ಬಟನ್ ಇರುತ್ತದೆ. ಒತ್ತಿ ನೋಡಿ. ಯಾರು ಬದುಕುವ ಸಾಧ್ಯತೆ ಎಷ್ಟು ಅಂತ ತೋರಿಸುತ್ತದೆ. ಕಂಟ್ರೋಲ್ ಮತ್ತು ವಿ ಒಟ್ಟಿಗೆ ಒತ್ತಿದರೆ ಮುಂದಿನ ಸರದಿಯಲ್ಲಿ ಎದುರಾಳಿಗಳು ಎಲ್ಲೆಲ್ಲಿಗೆ ಬರಬಲ್ಲರು ಅನ್ನುವುದು ಕಾಣುತ್ತದೆ. ನಾನಂತೂ ಪ್ರತಿ ಸರದಿಯ ಕೊನೆಗೆ ಇದನ್ನು ಒತ್ತದೆ ಮುಂದೆ ಹೋಗುವುದಿಲ್ಲ. ನಡೆ ವಾಪಸ್ ತೆಗೆದುಕೊಳ್ಳಲು ಯು ಒತ್ತಿ. ಹೊಡೆದ ಮೇಲೆ, ಇಲ್ಲವೇ ನಮಗೆ ಕಾಣದ ಜಾಗವನ್ನು ಮುಚ್ಚಿರುವ ಮಂಜಿನೊಳಗೆ ಹೊಸದೇನಾದರೂ ಕಂಡ ಮೇಲೆ ವಾಪಸ್ ಇಲ್ಲ.

ಇನ್ನೊಂದು ವಿಷಯಕ್ಕೆ ಹೊಸಬರು ಗಮನ ಕೊಡುವುದಿಲ್ಲ: ಕೊನೆಯ ಏಟು ಯಾರದ್ದು? ಮೊದಲ ಮಟ್ಟದ ಎದುರಾಳಿಯ ಜೊತೆ ಬರೀ ಹೊಡೆದಾಡಿದರೆ ಸಿಗುವ ಅನುಭವದ ಅಂಕ 1. ಕೊಂದವನಿಗೆ 8. ಅದಕ್ಕೆ ದೊಡ್ಡವನಿಂದ ಹೊಡೆಸಿ ಸುಸ್ತು ಮಾಡಿ, ಕೊನೆಯ ಏಟನ್ನು ಬಲಿಯಬೇಕಾದ ಚಿಕ್ಕವನಿಗೆ ಬಿಡಿ. ಅವನು ಬದುಕಿ ಉಳಿದರೆ ಬಲಿತ ಹಾಗೇ ಮುಂದಿನ ಯುದ್ಧಕ್ಕೂ ಕರೆಸಿಕೊಳ್ಳಬಹುದು. ಹೊಸಬರನ್ನು ಸೇರಿಸಿಕೊಳ್ಳುವ ಮುಂಚೆ ಹಳಬರ ಪಟ್ಟಿ ನೋಡುವುದನ್ನು ಮರೆಯಬೇಡಿ.

ಶೇಕಡಾವಾರು ನೋಡುವ ರೀತಿ

ಹುಡುಗರು ಅಂಗಡಿಗೆ ಬಂದು ಬೈಯುವುದು ಇದನ್ನೇ. ‘ಅಣ್ಣ, 80 ತೋರಿಸ್ತು, ಎರಡೂ ಮಿಸ್ಸು. ಗೇಮ್ ಮೋಸ ಮಾಡುತ್ತೆ.’ ಮೋಸ ಏನಿಲ್ಲ. 80% ಇರುವ ಗುಂಡು ಎರಡೂ ತಪ್ಪುವುದು ನೂರಕ್ಕೆ 4 ಸಲ ಆಗಲೇಬೇಕು. ಒಂದು ಯುದ್ಧದಲ್ಲಿ ಹತ್ತಿಪ್ಪತ್ತು ಗುಂಡು ಹಾರುತ್ತವೆ. ಆ 4 ನಿಮ್ಮ ಪಾಲಿಗೂ ಬರುತ್ತದೆ. 90% ಇರುವ ಏಟು ಸಾಲಾಗಿ ಐದೂ ತಗುಲುವ ಸಾಧ್ಯತೆ ಎಷ್ಟು ಗೊತ್ತಾ? 59% ಅಷ್ಟೇ. ಹಾಗಾಗಿ ‘ಈ ಐದೂ ತಗುಲಿದರೆ ಗೆದ್ದೆ’ ಅನ್ನುವ ಯೋಜನೆ ಒಳ್ಳೇ ಯೋಜನೆ ಅಲ್ಲ.

ಏಟು ಹೊಡೆಯುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ತಪ್ಪಿದರೆ ನನ್ನ ಆಳು ಎಲ್ಲಿ ನಿಂತಿರುತ್ತಾನೆ? ಉತ್ತರ ‘ಬಯಲಲ್ಲಿ, ಒಬ್ಬನೇ’ ಅಂತಾದರೆ ಹೊಡೆಯಬೇಡಿ. ಖಚಿತವಾಗಿ ಆಗುವ ಕೆಲಸ ಮೊದಲು, ಅದೃಷ್ಟದ ಕೆಲಸ ಆಮೇಲೆ. ಎಕ್ಸ್‌ಕಾಮ್‌ನಲ್ಲಿ ಗ್ರೆನೇಡ್ ತಪ್ಪುವುದಿಲ್ಲ. ಅದರಿಂದ ಶತ್ರು ಅವಿತಿರುವ ಮರೆಯನ್ನು ಒಡೆದು, ಆಮೇಲೆ ಗುಂಡು ಹಾರಿಸಿ.

ಗಮನಿಸಿ, ಎಲ್ಲ ಆಟದಲ್ಲೂ ತೋರಿಸುವ ಅಂಕಿಗೆ ಒಂದೇ ಅರ್ಥ ಇರುವುದಿಲ್ಲ. ಫೈರ್ ಎಂಬ್ಲೆಮ್ ಸರಣಿಯ ಬಹಳ ಆಟಗಳಲ್ಲಿ ಒಳಗೊಳಗೆ ಎರಡು ಸಂಖ್ಯೆ ತೆಗೆದು ಸರಾಸರಿ ನೋಡುತ್ತಾರೆ. ಅಲ್ಲಿ 75 ಅಂತ ತೋರಿಸಿದರೆ ನಿಜವಾಗಿ ತಗುಲುವುದು 87ರ ಮೇಲೆ. ಕಡಿಮೆ ಅಂಕಿ ಇನ್ನೂ ಕಡಿಮೆ ಆಗುತ್ತದೆ. ವೆಸ್ನಾತ್‌ನಲ್ಲಿ ಹೀಗಿಲ್ಲ, 60 ಅಂದರೆ 60. 2012ರ ಎಕ್ಸ್‌ಕಾಮ್‌ನಲ್ಲಿ ಸೇವ್ ಮಾಡಿದ ಕಡೆಯಿಂದ ಮತ್ತೆ ತೆರೆದು ಅದೇ ಗುಂಡು ಹಾರಿಸಿದರೆ ಮತ್ತೆ ಅದೇ ಫಲ ಬರುತ್ತದೆ. ಬೇರೆ ಕ್ರಮದಲ್ಲಿ ಆಡಿದರೆ ಮಾತ್ರ ಬದಲಾಗುತ್ತದೆ.

ಕೈಗೆ ಬರಬೇಕಾದ ಅಭ್ಯಾಸ

ಮೊದಲನೆಯದು, ಒಬ್ಬನನ್ನು ಪೂರ್ತಿ ಮುಗಿಸಿ ಮುಂದೆ ಹೋಗುವುದು. ಹತ್ತು ಶಕ್ತಿ ಉಳಿದಿರುವ ಎದುರಾಳಿಯೂ ಪೂರ್ತಿ ಜೋರಾಗಿಯೇ ಹೊಡೆಯುತ್ತಾನೆ. ಮೂವರಿಗೆ ಒಂದೊಂದು ಗಾಯ ಮಾಡುವುದಕ್ಕಿಂತ ಒಬ್ಬನನ್ನು ಬೀಳಿಸಿದರೆ ವಾಪಸ್ ಬರುವ ಏಟು ಕಡಿಮೆ.

ಗಾಯವಾದವನನ್ನು ಹಿಂದಕ್ಕೆ ಕರೆಸಿಕೊಳ್ಳಿ. ಹಿಂದಕ್ಕೆ ಬರುವುದು ಸೋಲಲ್ಲ. ನಮ್ಮ ಹುಡುಗರಿಗೆ ಇದನ್ನು ಒಪ್ಪಿಸುವುದೇ ಕಷ್ಟ. ಮುಂದೆ ಹೋಗುವುದಾದರೂ ಎಲ್ಲರೂ ಒಟ್ಟಿಗೆ ಹೋಗಿ. ವೇಗ ಜಾಸ್ತಿ ಇರುವ ಕುದುರೆ ಸವಾರ ಮೊದಲು ತಲುಪುತ್ತಾನೆ, ಮೊದಲು ಸಾಯುತ್ತಾನೆ.

ಸರದಿ ಶುರುವಾದ ಕೂಡಲೇ ಮೌಸ್ ಮುಟ್ಟಬೇಡಿ. ಒಂದು ಸಲ ಪೂರ್ತಿ ನಕ್ಷೆ ನೋಡಿ. ಎದುರಾಳಿಗಳ ಮೇಲೆ ಒಬ್ಬೊಬ್ಬರಾಗಿ ಮೌಸ್ ಇಟ್ಟು ಅವರು ಏನು ಮಾಡಬಲ್ಲರು ಅಂತ ಓದಿ. ಬೇಜಾರು ಅನ್ನಿಸಬಹುದು ಮೊದಮೊದಲು. ಆಮೇಲೆ ಆಟದ ಅರ್ಧ ಖುಷಿ ಅದರಲ್ಲೇ ಇದೆ ಅಂತ ಗೊತ್ತಾಗುತ್ತದೆ.

ಸತ್ತವರು ವಾಪಸ್ ಬಾರದ ಆಟಗಳಿವೆ. ಫೈರ್ ಎಂಬ್ಲೆಮ್‌ನಲ್ಲಿ ಮೊದಲಿಂದಲೂ ಹಾಗೇ. ಬೇಡ ಅನ್ನುವವರಿಗೆ ಈಚಿನ ಆಟಗಳಲ್ಲಿ ಕ್ಯಾಶುವಲ್ ಮೋಡ್ ಇದೆ, ಬಿದ್ದವರು ಮುಂದಿನ ಯುದ್ಧಕ್ಕೆ ವಾಪಸ್ ಬರುತ್ತಾರೆ. ಅದನ್ನು ಹಾಕಿಕೊಂಡರೆ ಯಾರೂ ನಗುವುದಿಲ್ಲ. ಶುರುವಿನಲ್ಲಿ ಅದೇ ಒಳ್ಳೆಯದು.

ಸೇವ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ವೆಸ್ನಾತ್ ಪ್ರತಿ ಸರದಿಗೆ ತಾನೇ ಸೇವ್ ಮಾಡುತ್ತದೆ. ಬಾಲ್ಡರ್ಸ್ ಗೇಟ್ 3ರಲ್ಲಿ ಎಫ್5 ಒತ್ತಿದರೆ ಸೇವ್, ಎಫ್8 ಒತ್ತಿದರೆ ವಾಪಸ್. ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ಚಾರ್ಜರ್ ಚುಚ್ಚಿಕೊಂಡೇ ಓಡಿಸುವವರು ತುಂಬಾ ಜನ ಇದ್ದೀರಿ. ಸೇವ್ ಆಗುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋದರೆ ಆ ಫೈಲೇ ಹಾಳಾಗಬಹುದು. ಎರಡು ಬೇರೆ ಬೇರೆ ಹೆಸರಿನಲ್ಲಿ ಸೇವ್ ಇಟ್ಟುಕೊಳ್ಳಿ. ಮಳೆಗಾಲಕ್ಕೆ ಮುಂಚೆ ಬ್ಯಾಟರಿ ಬದಲಾಯಿಸಿಕೊಳ್ಳಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕೇ ಬೇಕು.

ಆಮೇಲೆ ಯಾವುದು?

ವೆಸ್ನಾತ್‌ನಲ್ಲಿ ಒಂದು ಕಥೆ ಮುಗಿಸಿದ ಮೇಲೆ ಇಂಟು ದ ಬ್ರೀಚ್ ತೆಗೆದುಕೊಳ್ಳಿ. ಸಬ್‌ಸೆಟ್ ಗೇಮ್ಸ್‌ನವರದ್ದು, 2018ರದ್ದು. ಎಂಟಕ್ಕೆ ಎಂಟು ಮನೆಯ ಪುಟ್ಟ ನಕ್ಷೆ, ನಿಮ್ಮ ಕಡೆ ಮೂರು ಯಂತ್ರ. ನೆಲದಿಂದ ಏಳುವ ರಾಕ್ಷಸ ಹುಳುಗಳು ಮುಂದೆ ಎಲ್ಲಿ ಹೊಡೆಯುತ್ತವೆ ಅನ್ನುವುದನ್ನು ಮೊದಲೇ ತೋರಿಸುತ್ತವೆ. ನಿಮ್ಮ ಏಟು ತಪ್ಪುವ ಮಾತೇ ಇಲ್ಲ. ಕೊಲ್ಲುವುದಕ್ಕಿಂತ ತಳ್ಳುವುದು ಮುಖ್ಯ. ಒಂದನ್ನು ಒಂದು ಮನೆ ಪಕ್ಕಕ್ಕೆ ತಳ್ಳಿದರೆ ಅದರ ಏಟು ಇನ್ನೊಂದು ಹುಳುವಿಗೇ ಬೀಳುತ್ತದೆ. ಜಾಗದ ಬೆಲೆ ಕಲಿಸುವುದರಲ್ಲಿ ಇದಕ್ಕೆ ಸಾಟಿ ಇಲ್ಲ. ಒಂದು ಯುದ್ಧ ಬೇಗ ಮುಗಿಯುತ್ತದೆ, ಕೆಲಸದ ಮಧ್ಯೆಯೂ ಆಡಬಹುದು.

ಎಕ್ಸ್‌ಕಾಮ್ ಶುರು ಮಾಡುವವರಿಗೆ ಒಂದೇ ಮಾತು: ಮರೆ. ಅರ್ಧ ಮರೆಗೆ 20 ಅಂಕ ರಕ್ಷಣೆ, ಪೂರ್ತಿ ಮರೆಗೆ 40, ಅಂದರೆ ಗುಂಡು ತಗುಲುವ ಶೇಕಡಾ ಅಷ್ಟು ಇಳಿಯುತ್ತದೆ. ಪಕ್ಕದಿಂದ ಸುತ್ತಿ ಬಂದರೆ ಎರಡೂ ಸೊನ್ನೆ. ಪ್ರತಿ ನಡೆ ಮರೆಯಿಂದ ಮರೆಗೆ ಇರಲಿ. ಸರದಿಯ ಕೊನೆಯ ಆಳನ್ನು ಕತ್ತಲಿಗೆ ಓಡಿಸಬೇಡಿ. ಅಲ್ಲಿ ಹೊಸ ಶತ್ರುಗಳು ಎಚ್ಚರವಾದರೆ ಉತ್ತರ ಕೊಡಲು ನಿಮ್ಮ ಕೈಯಲ್ಲಿ ಯಾರೂ ಉಳಿದಿರುವುದಿಲ್ಲ. ಫೋನಿನಲ್ಲೇ ಆಡಬೇಕು ಅನ್ನುವವರಿಗೆ ಎಕ್ಸ್‌ಕಾಮ್ 2 ಕಲೆಕ್ಷನ್ 2021ರಲ್ಲಿ ಆಂಡ್ರಾಯ್ಡ್‌ಗೂ ಬಂದಿದೆ. ಫೋನ್ ಒಳ್ಳೆಯದಿರಬೇಕು.

ಡಿವಿನಿಟಿ: ಒರಿಜಿನಲ್ ಸಿನ್ 2 ಬಂದದ್ದು 2017ರಲ್ಲಿ. ಅಲ್ಲಿ ನೆಲವೇ ಆಯುಧ. ಎಣ್ಣೆ ಚೆಲ್ಲಿ ಬೆಂಕಿ ಹಚ್ಚಬಹುದು, ನೀರು ಹರಿಸಿ ವಿದ್ಯುತ್ ಹಾಯಿಸಬಹುದು. ಶತ್ರು ಎಣ್ಣೆಯಲ್ಲಿ ನಿಂತಿದ್ದಾನಾ ಅನ್ನುವುದಕ್ಕಿಂತ ಮೊದಲು ನಮ್ಮವರು ನಿಂತಿದ್ದಾರಾ ಅಂತ ನೋಡಿ.

ಬಾಲ್ಡರ್ಸ್ ಗೇಟ್ 3ಕ್ಕೆ ಕೊನೆಗೆ ಬನ್ನಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಕಾಗದ-ದಾಳದ ಆಟದ ಐದನೇ ಆವೃತ್ತಿಯ ನಿಯಮ ಅದರ ಬುನಾದಿ. ಏಟು ತಗುಲುತ್ತೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ಇಪ್ಪತ್ತು ಮುಖದ ದಾಳ. ಒಂದು ಸರದಿಯಲ್ಲಿ ನಡೆದಾಟ, ಒಂದು ಆಕ್ಷನ್ (ಹೊಡೆಯುವಂಥ ಮುಖ್ಯ ಕೆಲಸ), ಒಂದು ಬೋನಸ್ ಆಕ್ಷನ್ (ಅದರ ಜೊತೆಗೊಂದು ಚಿಕ್ಕ ಕೆಲಸ). ಹೊಸಬರು ಈ ಬೋನಸ್ ಆಕ್ಷನ್ನನ್ನು ಬಳಸದೇ ಸರದಿ ಮುಗಿಸುತ್ತಾರೆ. ತಳ್ಳುವುದು ಬೋನಸ್ ಆಕ್ಷನ್, ಮದ್ದು ಕುಡಿಯುವುದೂ ಬೋನಸ್ ಆಕ್ಷನ್. ಎತ್ತರದಲ್ಲಿ ನಿಂತು ದೂರದಿಂದ ಹೊಡೆದರೆ ದಾಳಕ್ಕೆ 2 ಸೇರುತ್ತದೆ. ಆ ಎತ್ತರದ ಅಂಚಿನಲ್ಲಿ ಶತ್ರು ನಿಂತಿದ್ದರೆ ಮಂತ್ರ-ತಂತ್ರ ಏನೂ ಬೇಡ, ಸುಮ್ನೆ ತಳ್ಳಿ. ಎಕ್ಸ್‌ಪ್ಲೋರರ್ ಅನ್ನುವ ಸುಲಭದ ಮಟ್ಟದಲ್ಲಿ ಶುರು ಮಾಡಿ, ಮಧ್ಯದಲ್ಲಿ ಬದಲಾಯಿಸಿಕೊಳ್ಳಬಹುದು.

2025ರಲ್ಲಿ ತುಂಬಾ ಹೆಸರು ಮಾಡಿದ ಫ್ರಾನ್ಸಿನ ಕ್ಲೇರ್ ಆಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33 ಬಗ್ಗೆಯೂ ಕೇಳುತ್ತಾರೆ. ಅದೂ ಸರದಿ ಆಟವೇ, ಒಳ್ಳೇ ಆಟ. ಆದರೆ ಶತ್ರು ಹೊಡೆಯುವಾಗ ಸರಿಯಾದ ಗಳಿಗೆಗೆ ಬಟನ್ ಒತ್ತಿ ತಪ್ಪಿಸಿಕೊಳ್ಳಬೇಕು, ಮನೆ ಎಣಿಸುವ ನಕ್ಷೆಯೂ ಇಲ್ಲ. ನಿಧಾನ ಬೇಕು ಅನ್ನುವವರು ಇದು ತಿಳಿದುಕೊಂಡು ಕೊಳ್ಳಿ.

ಇಬ್ಬರು ಸೇರಿ ಆಡುವುದು

ಮನೆಯಲ್ಲಿ ಅಣ್ಣ-ತಂಗಿ ಇದ್ದೀರಿ, ಲ್ಯಾಪ್‌ಟಾಪ್ ಒಂದೇ ಇದೆ ಅಂದರೆ ವೆಸ್ನಾತ್‌ನಲ್ಲಿ ಮಲ್ಟಿಪ್ಲೇಯರ್‌ಗೆ ಹೋಗಿ ಲೋಕಲ್ ಗೇಮ್ ಆರಿಸಿ. ನೆಟ್ ಬೇಡ. ಒಬ್ಬರ ಸರದಿ ಮುಗಿದ ಮೇಲೆ ಮೌಸ್ ಇನ್ನೊಬ್ಬರ ಕೈಗೆ. ಮೊದಲ ಸಲಕ್ಕೆ ‘ದ ಫ್ರೀಲ್ಯಾಂಡ್ಸ್’ ನಕ್ಷೆ ಸಾಕು, ಇಬ್ಬರಿಗೆ ಅಂತಲೇ ಮಾಡಿದ್ದು. ಆಟದ ಸೆಟ್ಟಿಂಗಿನಲ್ಲಿ ಮಂಜನ್ನು ತೆಗೆದುಬಿಡಿ. ಆಗ ಇಬ್ಬರೂ ಪೂರ್ತಿ ನಕ್ಷೆ ನೋಡುತ್ತಾ, ಯಾಕೆ ಈ ನಡೆ ಇಟ್ಟೆ ಅಂತ ಒಬ್ಬರನ್ನೊಬ್ಬರು ಕೇಳುತ್ತಾ ಆಡಬಹುದು. ಗೇಮ್ ಬಲ್ಲವರು ಹೊಸಬರಿಗೆ ಎಲ್ವ್ಸ್ ಎಂಬ ಕಾಡಿನ ಜನರ ಪಡೆ ಇರುವ ರೆಬೆಲ್ಸ್ ಕಡೆ ಬಿಟ್ಟುಕೊಡಿ. ಕಾಡಿನಲ್ಲಿ ನಿಂತರೆ ಎಲ್ವ್ಸ್‌ಗಳಲ್ಲಿ ಬಹಳಷ್ಟು ಜನಕ್ಕೆ ತಗುಲುವ ಏಟು ನೂರಕ್ಕೆ 40 ಇಲ್ಲವೇ ಅದಕ್ಕೂ ಕಡಿಮೆ. ಕಲಿಯುವವರು ಬೇಗ ಸೋಲುವುದಿಲ್ಲ, ಕಲಿಸುವವರಿಗೂ ಸ್ವಲ್ಪ ಕೆಲಸ ಇರುತ್ತದೆ.